ವಯಸ್ಸಿನ ದಣಿವೋ, ಮೈಯಲ್ಲಿ ಕೂಡಿದ ಕಬ್ಬಿಣವೋ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೀಗ 68 ವರ್ಷ. ಸಂಡೂರು ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದು ನಿವೃತ್ತನಾಗಿದ್ದೇನೆ. ಐದಾರು ವರ್ಷಗಳಿಂದ ನನ್ನ ಎರಡೂ ಕೈಗಳ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳು ಊದಿಕೊಂಡು ನೋಯುತ್ತಿವೆ. ಬೆಳಿಗ್ಗೆ ಎದ್ದಾಗ ನೀರು ತುಂಬಿದ ಚೊಂಬನ್ನು ಒಂದೇ ಕೈಯಲ್ಲಿ ಎತ್ತಲಾಗುವುದಿಲ್ಲ. 62ನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಮನೆಯಲ್ಲಿ ಬೇರೆ ಯಾರಿಗೂ ಅದು ಇರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಕುಳಿತಲ್ಲಿಂದ ಏಳಲು ಮನಸ್ಸೇ ಬಾರದಷ್ಟು ದಣಿವು. ಗೆಣ್ಣು ನೋವಿಗೆ ಒಬ್ಬರು ಸಂಧಿವಾತ ಎಂದರು, ಇನ್ನೊಬ್ಬರು ನಮ್ಮ ಭಾಗದ ಫ್ಲೋರೈಡ್ ನೀರಿನ ಪರಿಣಾಮ ಎಂದರು, ಮೂರನೆಯವರು ವಯಸ್ಸಾಯಿತು ಎಂದು ಹೇಳಿ ಕಳುಹಿಸಿದರು. ದಣಿವಿಗೆಂದು ಬರೆದುಕೊಟ್ಟ ಕಬ್ಬಿಣದ ಟಾನಿಕ್ಕನ್ನು ಎಂಟು ತಿಂಗಳು ಕುಡಿದೆ.

ಕಳೆದ ತಿಂಗಳು ಮಗ ಒತ್ತಾಯಿಸಿ ಪೂರ್ಣ ರಕ್ತಪರೀಕ್ಷೆ ಮಾಡಿಸಿದ. ಲಿವರ್ ಕಿಣ್ವಗಳು ಹೆಚ್ಚಿವೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ 1,480 ಇದೆ ಎಂದು ಬಂದಿದೆ. ವರದಿ ನೋಡಿದ ವೈದ್ಯರು ನಾನು ಕುಡಿಯುತ್ತೇನೆಯೇ ಎಂದು ಮೂರು ಸಲ ಕೇಳಿದರು. ಜೀವನದಲ್ಲಿ ಒಂದು ಹನಿ ಮದ್ಯವನ್ನೂ ನಾನು ಮುಟ್ಟಿಲ್ಲ. ನನ್ನ ತಮ್ಮನೂ ಮುಟ್ಟಿರಲಿಲ್ಲ, ಆದರೆ ಅವನು 56ನೇ ವಯಸ್ಸಿನಲ್ಲಿ ಲಿವರ್ ಸಿರೋಸಿಸ್‌ನಿಂದ ತೀರಿಕೊಂಡ. ಅವನ ತಿಥಿಯ ದಿನವೇ ನೆಂಟರು, ಕದ್ದು ಕುಡಿಯುತ್ತಿದ್ದನೆಂದು ಕಾಣುತ್ತದೆ ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ನಮ್ಮ ತಂದೆ ತಮ್ಮ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದರು. ವಂಶಪಾರಂಪರ್ಯವಾಗಿ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ಕಾಯಿಲೆ ಇದೆಯೆಂದು ಮಗ ಓದಿ ಹೇಳಿದ. ಅದರ ಪರೀಕ್ಷೆ ಬರೆದುಕೊಡಿ ಎಂದು ಕೇಳಿದರೆ, ಈ ವಯಸ್ಸಿನಲ್ಲಿ ಅದೆಲ್ಲ ಏಕೆ ಎಂದರು. ಗಣಿಯ ಕೆಂಪು ಧೂಳು ತಿಂದವರಿಗೆ ಹೀಗೆಯೇ ಆಗುತ್ತದೆ ಎಂದು ಊರಿನವರು ಹೇಳುತ್ತಾರೆ. ನಾನು ಪರೀಕ್ಷೆಗೆ ಪಟ್ಟು ಹಿಡಿಯಬೇಕೇ, ಬಿಟ್ಟುಬಿಡಬೇಕೇ?
— ನಿವೃತ್ತ ಶಿಕ್ಷಕರು, ಸಂಡೂರು ತಾಲ್ಲೂಕು

ಉತ್ತರ: ಪಟ್ಟು ಹಿಡಿಯಿರಿ. ಏಕೆಂಬುದಕ್ಕೆ ಕಾರಣ ನೀವು ಪತ್ರದ ಜೊತೆಗೆ ಕಳುಹಿಸಿದ ವರದಿಯಲ್ಲೇ ಇದೆ.

ಆ ವರದಿಯ ಮೊದಲ ಪುಟದಲ್ಲಿ ಫೆರಿಟಿನ್ 1,480 ಎಂಬ ಅಂಕಿಯ ಕೆಳಗೆ ಯಾರೋ ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ. ಮೂರನೆಯ ಪುಟದ ತಳದಲ್ಲಿ ಸೀರಮ್ ಐರನ್ (ರಕ್ತದಲ್ಲಿ ಈಗಿರುವ ಕಬ್ಬಿಣ) 190, ಟಿಐಬಿಸಿ (ರಕ್ತ ಒಟ್ಟು ಹೊರಬಲ್ಲ ಕಬ್ಬಿಣ) 240 ಎಂಬ ಎರಡು ಅಂಕಿಗಳಿವೆ, ಅವುಗಳ ಹತ್ತಿರ ಯಾವ ಗುರುತೂ ಇಲ್ಲ. ನಿಮ್ಮ ಇಡೀ ಪ್ರಶ್ನೆಯ ಕೀಲಿ ಇರುವುದು ಈ ಎರಡು ಅಂಕಿಗಳಲ್ಲಿ. 190ನ್ನು 240ರಿಂದ ಭಾಗಿಸಿ 100ರಿಂದ ಗುಣಿಸಿದರೆ 79 ಬರುತ್ತದೆ. ಇದನ್ನು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎನ್ನುತ್ತಾರೆ. ಟ್ರಾನ್ಸ್‌ಫೆರಿನ್ ಎಂದರೆ ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಪ್ರೋಟೀನು. ಆರೋಗ್ಯವಂತರಲ್ಲಿ ಆ ಗಾಡಿಗಳು ಸುಮಾರು ಮೂರನೆಯ ಒಂದು ಭಾಗ ತುಂಬಿರುತ್ತವೆ. ಶೇ 45 ದಾಟಿತೆಂದರೆ ಕಬ್ಬಿಣ ಅಳತೆ ಮೀರಿ ಒಳಗೆ ಬರುತ್ತಿದೆಯೇ ಎಂದು ಹುಡುಕಬೇಕು. ನಿಮ್ಮದು 79. ಫೆರಿಟಿನ್ ಒಂದೇ ಹೆಚ್ಚಾಗಿದ್ದರೆ ಅದಕ್ಕೆ ಹತ್ತು ಕಾರಣಗಳಿರುತ್ತವೆ: ಜ್ವರ, ಸೋಂಕು, ಲಿವರಿನ ಕೊಬ್ಬು, ಮದ್ಯ, ಕೆಲವೊಮ್ಮೆ ಗೆಡ್ಡೆ. ಎರಡೂ ಒಟ್ಟಿಗೆ ಏರಿದಾಗ, ಹಿಮೋಗ್ಲೋಬಿನ್ ನಿಮ್ಮದರಂತೆ 14.2 ಇದ್ದಾಗ, ನಿಮ್ಮ ಮಗ ಓದಿ ಹೇಳಿದ ಆ ಕಾಯಿಲೆಯ, ಅಂದರೆ ವಂಶಪಾರಂಪರ್ಯ ಹಿಮೋಕ್ರೊಮಾಟೋಸಿಸ್ ಎಂಬುದರ ಹೆಸರು ವೈದ್ಯರ ತಲೆಯಲ್ಲಿ ಮೊದಲು ಬರಬೇಕು. ನಿಮ್ಮನ್ನು ಕಣ್ಣಾರೆ ನೋಡದೆ ಆ ರೋಗ ಇದೆ ಎಂದು ನಾನು ಹೇಳಲಾರೆ. ಇಲ್ಲ ಎಂದು ಖಚಿತವಾಗುವವರೆಗೆ ಹುಡುಕಾಟ ನಿಲ್ಲಿಸಬಾರದು ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ಒಂದು ಎಚ್ಚರಿಕೆಯ ಮಾತು. ನೀವು ಟಾನಿಕ್ ಕುಡಿಯುತ್ತಿದ್ದ ಕಾಲದಲ್ಲಿ ರಕ್ತ ಕೊಟ್ಟಿದ್ದರೆ ಸೀರಮ್ ಐರನ್ ಸುಳ್ಳಾಗಿ ಏರಿರುವ ಸಾಧ್ಯತೆ ಇದೆ. ಆದ್ದರಿಂದ ಟಾನಿಕ್ಕನ್ನು ಇಂದೇ ನಿಲ್ಲಿಸಿ, ಒಂದೆರಡು ವಾರ ಕಳೆದ ಮೇಲೆ, ಜ್ವರ ನೆಗಡಿ ಇಲ್ಲದ ದಿನ ನೋಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಈ ಮೂರೂ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿಸಿ. ನಮ್ಮ ಜಿಲ್ಲೆಗಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ, ಸುಸ್ತು ಎಂದು ಬಂದವರಿಗೆ ಕಬ್ಬಿಣದ ಟಾನಿಕ್ ಬರೆಯುವುದು ಕೈಗೆ ರೂಢಿಯಾಗಿಬಿಟ್ಟಿದೆ. ಗರ್ಭಿಣಿಗೆ, ಬೆಳೆಯುವ ಹುಡುಗಿಗೆ ಅದು ಜೀವ ಉಳಿಸುವ ಔಷಧ. ಆದರೆ ಹಿಮೋಗ್ಲೋಬಿನ್ 14 ಇರುವ ಗಂಡಸಿಗೆ ಅದನ್ನು ಎಂಟು ತಿಂಗಳು ಕೊಡಲು ಯಾವ ಕಾರಣವೂ ಇಲ್ಲ.

ಈಗ ಕಾಯಿಲೆಯ ಒಳಗುಟ್ಟಿಗೆ ಬರೋಣ. ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 5 ಗ್ರಾಂ ಕಬ್ಬಿಣ ಇರುತ್ತದೆ, ಹೆಚ್ಚೆಂದರೆ ಒಂದು ಮೊಳೆಯಷ್ಟು. ದಿನಕ್ಕೆ 1ರಿಂದ 2 ಮಿ.ಗ್ರಾಂ ಕರುಳಿನಿಂದ ಒಳಗೆ ಬರುತ್ತದೆ, ಅಷ್ಟೇ ಪ್ರಮಾಣ ಸತ್ತ ಜೀವಕೋಶಗಳ ಜೊತೆ ಹೊರಗೆ ಹೋಗುತ್ತದೆ. ಹೆಚ್ಚಾದ ಕಬ್ಬಿಣವನ್ನು ಮೂತ್ರದಲ್ಲೋ ಬೆವರಿನಲ್ಲೋ ಹೊರಹಾಕುವ ದಾರಿಯನ್ನು ಪ್ರಕೃತಿ ನಮಗೆ ಕೊಟ್ಟಿಲ್ಲ. ಹಾಗಾಗಿ ಎಲ್ಲ ನಿಯಂತ್ರಣವೂ ಒಳಗೆ ಬರುವ ಬಾಗಿಲಲ್ಲೇ ಆಗಬೇಕು. ಲಿವರ್ ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಆ ಬಾಗಿಲು ಕಾಯುವ ನೀರುಗಂಟಿ. ಮೈಯಲ್ಲಿ ಕಬ್ಬಿಣ ಸಾಕೆನಿಸಿದಾಗ ಅದು ತೂಬನ್ನು ಇಳಿಸುತ್ತದೆ, ಬೇಕೆನಿಸಿದಾಗ ಎತ್ತುತ್ತದೆ. ವಂಶವಾಹಿಯ ದೋಷದಿಂದ ಹೆಪ್ಸಿಡಿನ್ ಸಾಕಷ್ಟು ಹುಟ್ಟದಿದ್ದರೆ ತೂಬು ಸದಾ ತೆರೆದೇ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ: ಬಸಿಗಾಲುವೆ ಇಲ್ಲದ ಹೊಲಕ್ಕೆ ವರ್ಷಗಟ್ಟಲೆ ನೀರು ಹರಿದರೆ ಹೊಲ ಜವಳಾಗುತ್ತದೆ. ಮೊದಲ ವರ್ಷ ಏನೂ ತಿಳಿಯುವುದಿಲ್ಲ, ಹತ್ತನೆಯ ವರ್ಷವೂ ಬೆಳೆ ಬರುತ್ತದೆ, ಆಮೇಲೆ ಒಂದು ದಿನ ನೆಲದ ಮೇಲೆ ಬಿಳಿಯ ಉಪ್ಪು ಕಾಣುತ್ತದೆ. ಈ ಕಾಯಿಲೆಯೂ ಹಾಗೆಯೇ. ದಿನಕ್ಕೆ ಒಂದೆರಡು ಮಿ.ಗ್ರಾಂ ಹೆಚ್ಚುವರಿ ಸೇರಿ ಸೇರಿ ನಲವತ್ತು, ಐವತ್ತು, ಅರವತ್ತನೆಯ ವಯಸ್ಸಿಗೆ 20 ಗ್ರಾಂ ಅಥವಾ ಇನ್ನೂ ಹೆಚ್ಚಾಗಿ ಲಿವರ್, ಮೇದೋಜೀರಕ ಗ್ರಂಥಿ, ಹೃದಯ, ಕೀಲುಗಳಲ್ಲಿ ಕೂತುಬಿಡುತ್ತದೆ. ಇದು ಬಹುಮಟ್ಟಿಗೆ ನಡುವಯಸ್ಸು ದಾಟಿದ ಮೇಲೆ ತಲೆ ಎತ್ತುವ ಕಾಯಿಲೆ. ಅಂಥದರಲ್ಲಿ ವಯಸ್ಸಾದವರು ಕೇಳಿದರೆ ಈ ವಯಸ್ಸಿನಲ್ಲಿ ಏಕೆ ಎನ್ನುವುದು ನನಗೆ ಅರ್ಥವಾಗದ ಮಾತು.

ನಿಮ್ಮ ಗೆಣ್ಣುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಾಮಾನ್ಯ ಮುಪ್ಪಿನ ಸಂಧಿ ಸವೆತ ಬೆರಳುಗಳ ತುದಿಯ ಕೀಲುಗಳನ್ನೂ ಹೆಬ್ಬೆರಳಿನ ಬುಡವನ್ನೂ ಹಿಡಿಯುತ್ತದೆ. ಫ್ಲೋರೈಡ್ ತೊಂದರೆ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದಲ್ಲಿ ನಿಜವಾದದ್ದೇ. ಆದರೆ ಅದು ಮೂಳೆಗೆ ಇಳಿದಾಗ ಬೆನ್ನು, ಕುತ್ತಿಗೆ, ಸೊಂಟ ಬಿಗಿಯುವುದು ಹೆಚ್ಚು. ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳೇ, ಅದೂ ಎರಡೂ ಕೈಗಳಲ್ಲಿ ಊದಿದರೆ, ಅದು ಕಬ್ಬಿಣದ ಕಾಯಿಲೆ ಹಾಕುವ ಸಹಿ ಎಂದು ನಮಗೆ ಪಾಠದಲ್ಲೇ ಹೇಳಿಕೊಟ್ಟಿರುತ್ತಾರೆ. ಕೈಗಳ ಎಕ್ಸ್‌ರೇಯಲ್ಲಿ ಆ ಗೆಣ್ಣುಗಳ ಅಂಚಿನಲ್ಲಿ ಕೊಕ್ಕೆಯಂತೆ ಬಾಗಿದ ಮೂಳೆಯ ಮುಳ್ಳು ಕಾಣಿಸಬಹುದು. ಇದನ್ನು ಕಲಿತೂ ಮರೆಯುತ್ತೇವೆ ಎಂಬುದಕ್ಕೆ ನಾನೇ ಸಾಕ್ಷಿ: ಬಹಳ ವರ್ಷಗಳ ಹಿಂದೆ ಇಂಥದೇ ಕೈಗಳ ಹೆಣ್ಣುಮಗಳೊಬ್ಬರಿಗೆ ಎರಡು ವರ್ಷ ಸಂಧಿವಾತದ ಮಾತ್ರೆ ಬರೆದೆ. ರೊಟ್ಟಿ ಬಡಿಯಲು ಆಗುವುದಿಲ್ಲ ಎಂದು ಆಕೆ ಪ್ರತಿ ಸಲವೂ ಹಿಟ್ಟಿನ ಮೇಲೆ ಅಂಗೈ ಒತ್ತುವಂತೆ ಮಾಡಿ ತೋರಿಸುತ್ತಿದ್ದರು. ನಾನು ಅಂಗೈ ನೋಡಿದೆ, ಯಾವ ಗೆಣ್ಣು ಎಂದು ನೋಡಲಿಲ್ಲ. ಆಕೆಯ ಫೆರಿಟಿನ್ ಬರೆದದ್ದು ಇನ್ನೊಬ್ಬ ವೈದ್ಯರು. ಆ ನೆನಪು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮೈಬಣ್ಣದ ವಿಷಯವನ್ನು ನೀವು ಬರೆದಿಲ್ಲ, ಆದರೂ ಗಮನಿಸಿ. 1865ರಲ್ಲಿ ಫ್ರಾನ್ಸಿನ ವೈದ್ಯ ಟ್ರೂಸೊ ಸಕ್ಕರೆ ಕಾಯಿಲೆ, ಗಟ್ಟಿಯಾದ ಲಿವರ್ ಮತ್ತು ಕಂಚಿನ ಬಣ್ಣದ ಚರ್ಮ ಒಟ್ಟಿಗೆ ಇದ್ದ ರೋಗಿಯ ಬಗ್ಗೆ ಬರೆದರು. ಕಂಚಿನ ಮಧುಮೇಹ ಎಂಬ ಹಳೆಯ ಹೆಸರು ಬಂದದ್ದು ಅಂಥ ರೋಗಿಗಳಿಂದ. 1889ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ಇದಕ್ಕೆ ಹಿಮೋಕ್ರೊಮಾಟೋಸಿಸ್ ಎಂದು ಹೆಸರಿಟ್ಟರು. ಬಿಳಿಯ ಚರ್ಮದ ಮೇಲೆ ಕಂಚು ತಕ್ಷಣ ಎದ್ದು ಕಾಣುತ್ತದೆ, ನಮ್ಮ ಬಣ್ಣದ ಮೇಲೆ ಕಾಣುವುದಿಲ್ಲ. ನಮ್ಮವರಲ್ಲಿ ಅದು ಹೊಳಪು ಕಳೆದುಕೊಂಡ ಬೂದು ಛಾಯೆಯಾಗಿ ಮೊಣಕಾಲ ಕೆಳಗೆ, ಮುಂಗೈ ಮೇಲೆ, ಹಳೆಯ ಗಾಯದ ಕಲೆಗಳ ಮೇಲೆ ಇಣುಕುತ್ತದೆ. ನೀವು ನಿವೃತ್ತರಾದ ದಿನ ಹಾರ ಹಾಕಿಸಿಕೊಂಡು ತೆಗೆಸಿದ ಫೋಟೊ ಮನೆಯಲ್ಲಿದ್ದರೆ ಅದನ್ನು ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಅಥವಾ ನಿಮ್ಮ ಮನೆಯವರನ್ನು ಕೇಳಿ. ದಿನವೂ ಕನ್ನಡಿ ನೋಡುವವರಿಗಿಂತ ಅವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಗಣಿಯ ಧೂಳಿನ ಮಾತು ನಿಮ್ಮೂರಿನಲ್ಲಿ ಹುಟ್ಟಿದ್ದು ಸಹಜ. ಎಲೆ, ಗೋಡೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗುವುದನ್ನು ಕಂಡವರು ಮೈಯೊಳಗೂ ಹಾಗೆಯೇ ಆಗಿರಬೇಕೆಂದು ಭಾವಿಸುತ್ತಾರೆ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದರಲ್ಲಿ ಅನುಮಾನವಿಲ್ಲ. ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶದಲ್ಲಿ ಅದು ನಿಲ್ಲುತ್ತದೆ. ಆದರೆ ಅದಿರಿನಲ್ಲಿರುವುದು ಕಬ್ಬಿಣದ ಆಕ್ಸೈಡ್, ಎಂದರೆ ತುಕ್ಕಿನ ಜಾತಿಯದು. ಕರುಳು ಅದನ್ನು ಹೀರಿಕೊಳ್ಳುವುದು ಅತ್ಯಲ್ಪ. ಲಿವರ್, ಹೃದಯ, ಕೀಲುಗಳಲ್ಲಿ ಕಬ್ಬಿಣ ತುಂಬುವುದು ಊಟದಲ್ಲಿನ ಕಬ್ಬಿಣವನ್ನು ಕರುಳು ಮಿತಿಯಿಲ್ಲದೆ ಎಳೆದುಕೊಳ್ಳುವುದರಿಂದ. ಧೂಳೇ ಕಾರಣ ಎಂಬ ವಿವರಣೆಯನ್ನು ನೀವು ಒಪ್ಪಿಕೊಂಡರೆ ಆಗುವ ನಷ್ಟವೆಂದರೆ, ನಿಮ್ಮ ಒಡಹುಟ್ಟಿದವರನ್ನೂ ಮಕ್ಕಳನ್ನೂ ಯಾರೂ ಪರೀಕ್ಷಿಸುವುದಿಲ್ಲ.

ನಿಮ್ಮ ತಮ್ಮನ ಬಗ್ಗೆ ಬರೆದ ಸಾಲುಗಳನ್ನು ಓದಿ ನನಗೆ ಬಹಳ ನೋವಾಯಿತು. ಅವರ ಲಿವರ್ ಏಕೆ ಕೆಟ್ಟಿತೆಂದು ಈಗ ಇಲ್ಲಿ ಕುಳಿತು ನಿರ್ಣಯಿಸಲಾಗದು. ಹೆಪಟೈಟಿಸ್ ಬಿ, ಸಿ, ಕೊಬ್ಬಿನ ಲಿವರ್ ಹೀಗೆ ಮದ್ಯವಿಲ್ಲದೆ ಸಿರೋಸಿಸ್ ತರುವ ಕಾರಣಗಳು ಅನೇಕ, ಕಬ್ಬಿಣ ಅವುಗಳಲ್ಲಿ ಒಂದು. ಆದರೆ ಕುಡಿಯದವರಿಗೂ ಸಿರೋಸಿಸ್ ಬರುತ್ತದೆ ಎಂಬುದು ಸತ್ಯ, ಅದನ್ನು ನಿಮ್ಮ ನೆಂಟರ ಮುಂದೆ ಧೈರ್ಯವಾಗಿ ಹೇಳಬಹುದು. ಅವರ ಹಳೆಯ ವರದಿಗಳು, ಸ್ಕ್ಯಾನಿಂಗ್ ಹಾಳೆಗಳು, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ ಇವುಗಳಲ್ಲಿ ಏನಾದರೂ ಅವರ ಮನೆಯಲ್ಲಿ ಉಳಿದಿದ್ದರೆ ಜೋಪಾನವಾಗಿ ತರಿಸಿಕೊಳ್ಳಿ. ವೈದ್ಯರ ಮುಂದೆ ಕುಳಿತಾಗ ಮೊದಲು ಹೇಳಬೇಕಾದದ್ದು ನಿಮ್ಮ ಗೆಣ್ಣು ನೋವನ್ನಲ್ಲ. “ಕುಡಿಯದ ತಮ್ಮ 56ಕ್ಕೆ ಸಿರೋಸಿಸ್‌ನಿಂದ ಹೋದ, ತಂದೆ ತಾಯಿ ರಕ್ತಸಂಬಂಧಿಗಳು, ನನ್ನ ಸ್ಯಾಚುರೇಶನ್ 79” ಎಂಬ ಒಂದು ವಾಕ್ಯವನ್ನು ಮೊದಲು ಹೇಳಿ. ಆಮೇಲೆ ಈ ವಯಸ್ಸಿನಲ್ಲಿ ಏಕೆ ಎಂದು ಕೇಳುವುದು ಅವರಿಗೆ ಕಷ್ಟವಾಗುತ್ತದೆ.

ತಂದೆ ತಾಯಿಯ ಸಂಬಂಧ ಏಕೆ ಮುಖ್ಯವೆಂದರೆ, ಈ ಕಾಯಿಲೆಯ ಬಹುತೇಕ ಬಗೆಗಳು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕಡೆಯಿಂದ ದೋಷದ ಪ್ರತಿ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯ ರೂಢಿಯಲ್ಲಿ ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಂಭವ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಇನ್ನು ವಂಶವಾಹಿ ಪರೀಕ್ಷೆ. ಇಲ್ಲಿ ನಮ್ಮ ನಾಡಿನವರು ಎಡವುವ ಒಂದು ಜಾಗವಿದೆ. 1996ರಲ್ಲಿ ಆರನೇ ವರ್ಣತಂತುವಿನ ಮೇಲೆ ಎಚ್‌ಎಫ್‌ಇ ಎಂಬ ವಂಶವಾಹಿಯನ್ನು ಗುರುತಿಸಿದರು. ಉತ್ತರ ಯುರೋಪ್ ಮೂಲದವರಲ್ಲಿ ಅದರ ಸಿ282ವೈ ಎಂಬ ದೋಷ ಬಹಳ ಸಾಮಾನ್ಯ. ಭಾರತೀಯರಲ್ಲಿ ಅದು ಅತಿ ವಿರಳ. ಎಚ್63ಡಿ ಎಂಬ ಇನ್ನೊಂದು ಬದಲಾವಣೆ ನಮ್ಮಲ್ಲೂ ಕಾಣುತ್ತದೆ, ಆದರೆ ಅದೊಂದರಿಂದಲೇ ಇಷ್ಟು ಕಬ್ಬಿಣ ಕೂಡುವುದು ಅಪರೂಪ. ಆದ್ದರಿಂದ ಎಚ್‌ಎಫ್‌ಇ ಪರೀಕ್ಷೆ ನೆಗೆಟಿವ್ ಬಂದರೆ “ನಿಮಗೆ ಆ ಕಾಯಿಲೆ ಇಲ್ಲ” ಎಂಬ ಮಾತನ್ನು ಒಪ್ಪಬೇಡಿ. ಹಿಮೋಜುವೆಲಿನ್, ಹೆಪ್ಸಿಡಿನ್, ಟ್ರಾನ್ಸ್‌ಫೆರಿನ್ ರಿಸೆಪ್ಟರ್ 2, ಫೆರೊಪೋರ್ಟಿನ್ ಇವುಗಳ ವಂಶವಾಹಿಗಳಲ್ಲಿನ ದೋಷಗಳೂ ಇದೇ ಚಿತ್ರ ಕೊಡುತ್ತವೆ, ಅವನ್ನು ಒಟ್ಟಿಗೆ ನೋಡುವ ಪರೀಕ್ಷೆ ಬೇರೆ ಇದೆ. ಹಣದ ಅನುಕೂಲ ಇಲ್ಲದಿದ್ದರೆ ವಂಶವಾಹಿ ಪರೀಕ್ಷೆಯನ್ನು ಮುಂದೂಡಬಹುದು, ಅದರ ಹೆಸರಿನಲ್ಲಿ ಚಿಕಿತ್ಸೆಯನ್ನು ಮಾತ್ರ ಮುಂದೂಡಬಾರದು.

ಅದಕ್ಕಿಂತ ಮೊದಲು ಲಿವರಿನಲ್ಲಿ ನಿಜವಾಗಿ ಎಷ್ಟು ಕಬ್ಬಿಣ ಇದೆ ಎಂಬುದನ್ನು ಎಂಆರ್‌ಐ ಮೂಲಕ ಅಳೆಯಿಸಿ. ಹಿಂದೆ ಇದಕ್ಕೆ ಲಿವರಿನಿಂದ ಚೂರು ತೆಗೆದು ನೋಡಬೇಕಾಗಿತ್ತು, ಈಗ ಹೆಚ್ಚಿನವರಿಗೆ ಅದರ ಅಗತ್ಯವಿಲ್ಲ. ಸ್ಕ್ಯಾನಿಂಗ್ ಬರೆಸಿಕೊಳ್ಳುವಾಗ “ಕಬ್ಬಿಣದ ಪ್ರಮಾಣ ಅಳೆಯಲು, ಟಿ2 ಸ್ಟಾರ್” ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಇರಲಿ, ಸಾಧಾರಣ ಹೊಟ್ಟೆಯ ಎಂಆರ್‌ಐ ಆ ಅಂಕಿಯನ್ನು ಕೊಡುವುದಿಲ್ಲ. ಎಲ್ಲ ಕೇಂದ್ರಗಳಲ್ಲೂ ಇದನ್ನು ಮಾಡುವುದಿಲ್ಲವಾದ್ದರಿಂದ ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿ. ಫೆರಿಟಿನ್ 1,000 ದಾಟಿದವರಲ್ಲಿ ಲಿವರ್ ಗಟ್ಟಿಯಾಗಿರುವ ಅಪಾಯ ಹೆಚ್ಚು, ಆದ್ದರಿಂದ ಆ ಗಟ್ಟಿತನವನ್ನು ಅಳೆಯುವ ಫೈಬ್ರೊಸ್ಕ್ಯಾನ್ ಬೇಕು. ಹೆಪಟೈಟಿಸ್ ಬಿ, ಸಿ ಪರೀಕ್ಷೆ, ಇಸಿಜಿ, ಎಕೊ ಆಗಲಿ. ಸಿರೋಸಿಸ್ ಇದೆ ಎಂದು ತಿಳಿದರೆ ಲಿವರ್ ಕ್ಯಾನ್ಸರಿನ ಕಾವಲಿಗಾಗಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬಾರದು. ಮೊದಲ ಹಂತದ ರಕ್ತಪರೀಕ್ಷೆಗಳು ಬಳ್ಳಾರಿಯಲ್ಲೇ ಆಗುತ್ತವೆ, ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ಹೊರರೋಗಿ ವಿಭಾಗದಿಂದ ಆರಂಭಿಸಿ. ಮುಂದಿನದಕ್ಕೆ ಲಿವರ್ ತಜ್ಞರ ಹತ್ತಿರ ಹೋಗಬೇಕಾಗಬಹುದು.

68ರಲ್ಲಿ ತಿಳಿದು ಏನು ಲಾಭ ಎಂಬ ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಚಿಕಿತ್ಸೆ ಎಂದರೆ ರಕ್ತ ತೆಗೆಯುವುದು. 450 ಮಿ.ಲೀ. ರಕ್ತದೊಂದಿಗೆ 200ರಿಂದ 250 ಮಿ.ಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಆ ರಕ್ತವನ್ನು ಮತ್ತೆ ಕಟ್ಟಲು ದೇಹ ಅಂಗಾಂಗಗಳಲ್ಲಿ ಕೂತ ಕಬ್ಬಿಣವನ್ನು ಎಳೆದು ಬಳಸುತ್ತದೆ. 10 ಗ್ರಾಂ ಹೆಚ್ಚುವರಿ ಇದ್ದವರಿಗೆ ನಲವತ್ತು ಐವತ್ತು ಸಲ ತೆಗೆಯಬೇಕಾಗುತ್ತದೆ. ಗಟ್ಟಿಮುಟ್ಟಾದವರಿಗೆ ವಾರಕ್ಕೊಮ್ಮೆ, ನಿಮ್ಮ ವಯಸ್ಸಿನವರಿಗೆ ಕಡಿಮೆ ಪ್ರಮಾಣದಲ್ಲಿ, ಹದಿನೈದು ದಿನಕ್ಕೊಮ್ಮೆ ಮಾಡುವುದು ಒಳ್ಳೆಯದು. ಸಾಮಾನ್ಯವಾಗಿ ಫೆರಿಟಿನ್ 50ರಿಂದ 100ಕ್ಕೆ ಇಳಿಯುವವರೆಗೆ ತೆಗೆದು, ಆಮೇಲೆ ವರ್ಷಕ್ಕೆ ಎರಡರಿಂದ ನಾಲ್ಕು ಸಲ ಮಾಡಿದರೆ ಸಾಕು. ಹಿರಿಯರಲ್ಲಿ ಆ ಗುರಿಯನ್ನು ವೈದ್ಯರು ಸ್ವಲ್ಪ ಸಡಿಲಿಸಬಹುದು. ಇದರಿಂದ ದಣಿವು ಕಡಿಮೆಯಾಗುತ್ತದೆ, ಲಿವರ್ ಕಿಣ್ವಗಳು ಇಳಿಯುತ್ತವೆ, ಚರ್ಮದ ಬಣ್ಣ ತಿಳಿಯಾಗುತ್ತದೆ, ಹೃದಯಕ್ಕೆ ಭಾರ ತಗ್ಗುತ್ತದೆ. ಗೆಣ್ಣು ನೋವು ಮಾತ್ರ ಅಷ್ಟಾಗಿ ಬಿಡುವುದಿಲ್ಲ. ಬಂದ ಸಕ್ಕರೆ ಕಾಯಿಲೆ ಹೋಗುವುದಿಲ್ಲ, ಹತೋಟಿ ಸ್ವಲ್ಪ ಸುಲಭವಾಗಬಹುದು. ಆಗಿಹೋದ ಸಿರೋಸಿಸ್ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

ರೋಗ ಖಚಿತವಾದರೆ ನಿಮ್ಮ ಒಡಹುಟ್ಟಿದವರೆಲ್ಲರೂ, ಅಕ್ಕತಂಗಿಯರೂ ಸೇರಿ, ಫೆರಿಟಿನ್ ಮತ್ತು ಸ್ಯಾಚುರೇಶನ್ ನೋಡಿಸಿಕೊಳ್ಳಬೇಕು. ಹೆಂಗಸರಲ್ಲಿ ಮುಟ್ಟು ಮತ್ತು ಹೆರಿಗೆಗಳಲ್ಲಿ ಕಬ್ಬಿಣ ಹೊರಹೋಗುವುದರಿಂದ ರೋಗ ತಡವಾಗಿ, ಮುಟ್ಟು ನಿಂತ ಮೇಲೆ ಕಾಣಿಸುತ್ತದೆ. ಹಾಗೆಂದು ಅವರಿಗೆ ಬರುವುದಿಲ್ಲವೆಂದಲ್ಲ. ನಿಮ್ಮ ಮಕ್ಕಳೂ ಒಮ್ಮೆ ಮಾಡಿಸಲಿ, ನೀವೂ ಸಂಬಂಧದಲ್ಲೇ ಮದುವೆಯಾಗಿದ್ದರೆ ತಪ್ಪದೆ ಮಾಡಿಸಲಿ. ನಿಮ್ಮ ತಮ್ಮನ ಮಕ್ಕಳನ್ನು ಯಾರೂ ನೆನಪಿಸಿಕೊಳ್ಳದೆ ಇರಬಹುದು, ಅವರಿಗೆ ನೀವೇ ಹೇಳಿ.

ಪ್ರಶ್ನೆ: ನಾನು 59 ವರ್ಷದ ಗೃಹಿಣಿ. ಬಿಪಿ, ಶುಗರ್ ಇದೆ, ಸ್ಕ್ಯಾನಿಂಗ್‌ನಲ್ಲಿ ಲಿವರಿನಲ್ಲಿ ಕೊಬ್ಬು ಎಂದು ಬಂದಿದೆ. ಫೆರಿಟಿನ್ 620 ಎಂದು ನೋಡಿ ಕಬ್ಬಿಣದ ಕಾಯಿಲೆ ಎಂದು ಒಬ್ಬರು ಹೇಳಿದ್ದಾರೆ. ಸ್ಯಾಚುರೇಶನ್ ಶೇ 24 ಇದೆ. ಹೆದರಿಕೆಯಿಂದ ಪುಂಡಿಪಲ್ಯ, ಮೆಂತ್ಯ, ಬೆಲ್ಲ ಎಲ್ಲ ಬಿಟ್ಟಿದ್ದೇನೆ. ಕಬ್ಬಿಣದ ತವೆಯನ್ನೂ ತೆಗೆದಿಟ್ಟಿದ್ದೇನೆ.
— ಓದುಗರು, ಗಂಗಾವತಿ

ಉತ್ತರ: ತವೆಯನ್ನು ಹೊರಗೆ ತೆಗೆಯಿರಿ ತಾಯಿ, ಪಲ್ಯವನ್ನೂ ತಿನ್ನಿ. ಬೆಲ್ಲ ಬಿಟ್ಟದ್ದು ಶುಗರಿಗೆ ಒಳ್ಳೆಯದೇ ಆಯಿತು, ಅದನ್ನು ಹಾಗೇ ಮುಂದುವರಿಸಿ.

ನಿಮ್ಮ ಸ್ಯಾಚುರೇಶನ್ ಶೇ 24, ಎಂದರೆ ತೂಬು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಫೆರಿಟಿನ್ ಕಬ್ಬಿಣದ ಕಣಜವೂ ಹೌದು, ಉರಿಯೂತದ ಸೂಚಕವೂ ಹೌದು. ಕೊಬ್ಬಿನ ಲಿವರ್, ಸಕ್ಕರೆ ಕಾಯಿಲೆ, ಸೊಂಟದ ಸುತ್ತಿನ ಬೊಜ್ಜು ಮೂರೂ ಇದ್ದವರಲ್ಲಿ 500, 600 ಕಾಣುವುದು ಬಹಳ ಸಾಮಾನ್ಯ. ಭಾರತದಲ್ಲಿ ಏರಿದ ಫೆರಿಟಿನ್ನಿನೊಂದಿಗೆ ಬರುವವರಲ್ಲಿ ನಿಮ್ಮಂಥವರೇ ಬಹುಪಾಲು, ಮೇಲಿನ ಪತ್ರದಂಥವರು ವಿರಳ. ನಿಮ್ಮ ಚಿಕಿತ್ಸೆ ಕಬ್ಬಿಣಕ್ಕಲ್ಲ, ಲಿವರಿನ ಕೊಬ್ಬಿಗೆ. ತೂಕವನ್ನು ನಿಧಾನವಾಗಿ ಇಳಿಸುವುದು, ದಿನಕ್ಕೆ ಮುಕ್ಕಾಲು ಗಂಟೆಯ ಬಿರುಸು ನಡಿಗೆ, ಶುಗರಿನ ಹತೋಟಿ. ಆರು ತಿಂಗಳ ನಂತರ ಫೆರಿಟಿನ್ ಜೊತೆಗೆ ಸ್ಯಾಚುರೇಶನ್ನನ್ನೂ ನೋಡಿಸಿ. ಮುಟ್ಟು ನಿಂತವರಾದ್ದರಿಂದ ಅದು 45 ದಾಟಿದರೆ ಮಾತ್ರ ಮತ್ತೆ ಯೋಚಿಸಬೇಕು.

ಪ್ರಶ್ನೆ: ನನ್ನ ತಂದೆಗೆ 66 ವರ್ಷ. ಬೆಂಗಳೂರಿನಲ್ಲಿ ಪರೀಕ್ಷೆಗಳೆಲ್ಲ ಆಗಿ ವಂಶಪಾರಂಪರ್ಯ ಹಿಮೋಕ್ರೊಮಾಟೋಸಿಸ್ ಖಚಿತವಾಗಿದೆ. ಹದಿನೈದು ದಿನಕ್ಕೊಮ್ಮೆ ರಕ್ತ ತೆಗೆಸಲು ಬರೆದುಕೊಟ್ಟಿದ್ದಾರೆ. ನಮ್ಮ ಹತ್ತಿರದ ಒಂದು ರಕ್ತನಿಧಿಗೆ ಹೋದರೆ, 65 ದಾಟಿದವರಿಂದ ರಕ್ತ ಪಡೆಯುವುದಿಲ್ಲ ಎಂದು ವಾಪಸು ಕಳುಹಿಸಿದರು. ಪ್ರತಿ ಸಲ ಬೆಂಗಳೂರಿಗೆ ಹೋಗಲು ಸಾಧ್ಯವಿಲ್ಲ. ಊಟದ ಪಥ್ಯದಿಂದಲೇ ಇಳಿಸಬಹುದೇ?
— ಓದುಗರು, ಸಿಂಧನೂರು

ಉತ್ತರ: ಪಥ್ಯದಿಂದ ಇಳಿಯುವುದಿಲ್ಲ. ಎಷ್ಟೇ ಕಟ್ಟುನಿಟ್ಟಾದ ಪಥ್ಯ ಮಾಡಿದರೂ ದಿನಕ್ಕೆ ತಡೆಯಬಹುದಾದದ್ದು ಒಂದೆರಡು ಮಿ.ಗ್ರಾಂ. ಒಂದು ಸಲದ ರಕ್ತದಲ್ಲಿ ಹೋಗುವುದು 200ಕ್ಕೂ ಹೆಚ್ಚು. ಕಬ್ಬಿಣದ ಮತ್ತು ವಿಟಮಿನ್ ಸಿ ಮಾತ್ರೆಗಳನ್ನು, ಕಬ್ಬಿಣ ಸೇರಿಸಿದ ಪುಷ್ಟಿಪುಡಿಗಳನ್ನು, ಮದ್ಯವನ್ನು ಪೂರ್ತಿ ಬಿಡಲಿ. ಕುರಿಯ ಕಾಳಿಜ ಮತ್ತು ಕೆಂಪು ಮಾಂಸ ಅಪರೂಪಕ್ಕೆ ಇರಲಿ, ಹುಣಸೆಹುಳಿಯ ಸಾರನ್ನು ಕಬ್ಬಿಣದ ಪಾತ್ರೆಯಲ್ಲಿ ಕುದಿಸಬೇಡಿ. ಜೋಳದ ರೊಟ್ಟಿ, ಪಲ್ಯ, ನಿಂಬೆಹಣ್ಣು, ಪೇರಲ ಯಾವುದನ್ನೂ ಬಿಡಬೇಕಿಲ್ಲ. ಊಟದೊಂದಿಗೆ ಚಹಾ ಕುಡಿಯಬಾರದೆಂದು ರಕ್ತಹೀನತೆ ಇರುವವರಿಗೆ ಹೇಳುತ್ತೇವೆ, ನಿಮ್ಮ ತಂದೆಗೆ ಅದು ಕಬ್ಬಿಣ ಹೀರುವುದನ್ನು ಸ್ವಲ್ಪ ತಡೆಯುವುದರಿಂದ ಒಂದು ಲೋಟ ಕುಡಿದರೆ ಒಳ್ಳೆಯದೇ.

ರಕ್ತನಿಧಿಯವರು ಹೇಳಿದ್ದು ರಕ್ತದಾನದ ನಿಯಮ. ದಾನಿಗಳಿಗೆ 18ರಿಂದ 65 ವರ್ಷದ ಮಿತಿ ಇರುವುದು ನಿಜ. ಆದರೆ ನಿಮ್ಮ ತಂದೆ ದಾನ ಮಾಡಲು ಹೋಗಿಲ್ಲ, ಚಿಕಿತ್ಸೆಗೆ ಹೋಗಿದ್ದಾರೆ. ಇದಕ್ಕೆ ಚಿಕಿತ್ಸಾತ್ಮಕ ಫ್ಲೆಬಾಟಮಿ ಎಂದು ಹೆಸರು, ಆ ವಯೋಮಿತಿ ಇದಕ್ಕೆ ಅನ್ವಯಿಸುವುದಿಲ್ಲ. ರೋಗದ ಹೆಸರು, ಪ್ರತಿ ಸಲ ತೆಗೆಯಬೇಕಾದ ಮಿ.ಲೀ., ಎಷ್ಟು ದಿನಕ್ಕೊಮ್ಮೆ, ಹಿಮೋಗ್ಲೋಬಿನ್ ಎಷ್ಟಕ್ಕಿಂತ ಇಳಿದರೆ ಆ ದಿನ ಬೇಡ ಎಂಬ ನಾಲ್ಕು ವಿವರಗಳನ್ನು ತಜ್ಞರಿಂದ ಸಹಿ ಮೊಹರಿನೊಂದಿಗೆ ಬರೆಸಿ ತನ್ನಿ. ಅದನ್ನು ಹಿಡಿದು ಕೌಂಟರಿನಲ್ಲಿ ಕೇಳದೆ ರಕ್ತನಿಧಿಯ ವೈದ್ಯಾಧಿಕಾರಿಯನ್ನೇ ಕಾಣಿರಿ. ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಬೆಂಗಳೂರಿನ ಓಡಾಟ ತಪ್ಪಬಹುದು.

ರಕ್ತ ತೆಗೆಸುವ ದಿನ ಉಪವಾಸ ಬೇಡ. ತಿಂಡಿ ತಿಂದು, ಎರಡು ಲೋಟ ನೀರು ಅಥವಾ ಮಜ್ಜಿಗೆ ಕುಡಿದು ಹೋಗಲಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಮುಗಿದ ಮೇಲೆ ಅರ್ಧ ಗಂಟೆ ಮಲಗಿದ್ದು ನಿಧಾನವಾಗಿ ಏಳಲಿ, ಒಬ್ಬರೇ ಬಸ್ಸು ಹತ್ತಬಾರದು. ಇನ್ನೊಂದು ಮಾತನ್ನು ಬಹಳಷ್ಟು ಜನ ಮರೆಯುತ್ತಾರೆ: ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಗೆಸುತ್ತಿರುವಷ್ಟು ಕಾಲ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ನಂಬಬೇಡಿ. ಹೊಸ ರಕ್ತಕಣಗಳು ಹೆಚ್ಚಾಗಿರುವುದರಿಂದ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ನೋಡಿ ಮಾತ್ರೆ ಇಳಿಸಿದರೆ ತೊಂದರೆ. ಮನೆಯಲ್ಲೇ ಗ್ಲುಕೋಮೀಟರಿನಿಂದ ಊಟಕ್ಕೆ ಮೊದಲು ಮತ್ತು ಎರಡು ಗಂಟೆಯ ನಂತರ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪ್ರತಿ ಸಲ ತೆಗೆದ ರಕ್ತದ ಪ್ರಮಾಣ, ಆ ದಿನದ ಹಿಮೋಗ್ಲೋಬಿನ್, ಮತ್ತು ಮೂರು ತಿಂಗಳಿಗೊಮ್ಮೆ ಫೆರಿಟಿನ್ ಬರೆಯುತ್ತಾ ಹೋಗಿ.